ತೊಡೆಯುದ್ದದ ಕಾಲುಚೀಲ

ಭಾನುವಾರದ ಸಂತೆ. ಬೇಲ್ ಬಿಚ್ಚಿದರೆ
ಮುಂಬಯಿ ಗೋದಾಮಿನ ನುಸಿಗುಳಿಗೆ ವಾಸನೆ,
ಪರದೇಶದ ಸ್ವೆಟರು, ಗುಂಡಿ ಹೋದ ಕೋಟು,
ಅದರ ತೋಳೊಳಗೆ ಸಿಕ್ಕಿಕೊಂಡು
ಒಂದು ಜೊತೆ ಕಾಲುಚೀಲ. ಕಂದು ಉಣ್ಣೆ.
ಪಾದ ನನ್ನ ಅಂಗೈಯಷ್ಟು,
ಉದ್ದ ಮಾತ್ರ ತೊಡೆಯವರೆಗೆ.

ಕಾರವಾರದಲ್ಲಿ ಇದನ್ನು ಯಾರಿಗೆ ಮಾರಲಿ?
ಇಲ್ಲಿ ಜನವರಿಯಲ್ಲೂ ಮಕ್ಕಳು ಬರಿಗಾಲಲ್ಲಿ
ಕಾಳಿಯ ಅಳಿವೆಗಿಳಿದು ಚಿಪ್ಪಿ ಹೆಕ್ಕುತ್ತವೆ.
ಜೊತೆಗೆ ಹತ್ತೇ ರೂಪಾಯಿ ಎಂದು ಕೂಗಿದೆ.
ಒಬ್ಬ ಕೇಳಿದ: ಬಾಟಲಿಗೆ ಹಾಕೂದಾ?

ಕಾನ್ವೆಂಟಿನ ಸಿಸ್ಟರ್ ಹೆಡ್ವಿಗ್,
ನಲವತ್ತು ವರ್ಷದಿಂದ ಕೊಂಕಣಿಯಲ್ಲೇ ಬೈಯುವವಳು,
ಬಸಳೆ ಕಟ್ಟು ಕೆಳಗಿಟ್ಟು
ಅದನ್ನೆತ್ತಿ ಹಿಗ್ಗಿಸಿ ನೋಡಿದಳು.

ನಮ್ಮಲ್ಲಿ ಗಂಡುಹುಡುಗರಿಗೂ ಇದೇ, ಎಂದಳು.
ಒಳಗೊಂದು ಬಟ್ಟೆಯ ಕುಪ್ಪಸ,
ಕುಪ್ಪಸಕ್ಕೆ ಪಟ್ಟಿ, ಪಟ್ಟಿಗೆ ಗುಂಡಿ.
ಚಡ್ಡಿಗೂ ಚೀಲಕ್ಕೂ ನಡುವೆ
ನಾಕು ಬೆರಳು ತೊಡೆ ಖಾಲಿ,
ಹಿಮದ ಗಾಳಿ ಹುಡುಕಿಕೊಂಡು ಬರುವುದು ಅಲ್ಲಿಗೇ.

ಅಕ್ಟೋಬರಿನಲ್ಲಿ ಹಾಕಿದರೆ ಮೇ ತಿಂಗಳವರೆಗೆ.
ಬಿಸಿಲು ಬಂದರೆ ಸಾಲದು, ಅಮ್ಮ ಹೂಂ ಅನ್ನಬೇಕು.
ನಾನೂ ತಮ್ಮನೂ ಚರ್ಚಿನ ಹಿಂದೆ ನಿಂತು
ಸುರುಳಿ ಸುತ್ತಿ ಕಣಕಾಲಿಗೆ ಇಳಿಸುತ್ತಿದ್ದೆವು,
ಮನೆಯ ತಿರುವಿನಲ್ಲಿ ಮತ್ತೆ ಮೇಲಕ್ಕೆ.
ಯಾವಾಗಲೂ ಸೊಟ್ಟ. ಯಾವಾಗಲೂ ಸಿಕ್ಕಿಬೀಳುವುದು.

ಯುದ್ಧದ ನಾಲ್ಕನೇ ಚಳಿಗೆ
ಅಮ್ಮ ತಮ್ಮನ ಚೀಲ ಬಿಚ್ಚಿ
ಉಂಡೆ ಸುತ್ತಿ ಇಟ್ಟಳು.
ನನಗೆ ಅದರ ಕೈಗವಸು ಆಯಿತು.

ಹೇಳುತ್ತಲೇ ಬಗ್ಗಿ
ಬಿಳಿ ನಿಲುವಂಗಿಯ ಮೇಲಿಂದಲೇ
ಮೊಣಕಾಲು ಕೆರೆದುಕೊಂಡಳು.
ತಗೊಳ್ತೀರಾ, ಎಂದೆ.
ಬೇಡ ಮಗಾ. ಬಸಳೆ ಎತ್ತಿಕೊಂಡು ಹೊರಟಳು.

ಸಂಜೆ ಬೈತಖೋಲದಲ್ಲಿ ಅಪ್ಪ,
ತುಕಾರಾಮ ತಾಂಡೇಲ,
ಹರಿದ ಬಲೆಯ ನಡುವೆ ಕಾಲು ಚಾಚಿ ಕೂತಿದ್ದ.
ಚೀಲ ಕೊಟ್ಟೆ, ಸುಮ್ಮನೆ, ನಗಲಿ ಅಂತ.
ಮೊಣಕೈತನಕ ಕೈ ತೂರಿಸಿ
ಹಿಮ್ಮಡಿಯನ್ನು ಬೆಳಕಿಗೆ ಹಿಡಿದ.

ಮೂರು ಸಲ ಹೊಲಿದಿದ್ದಾರೆ, ನೋಡು,
ಮೂರು ಬಣ್ಣ.
ಕಂದು ನೂಲು ಅವಸರದ ಕೈ, ಮಗು ಬಾಗಿಲಲ್ಲಿ ನಿಂತಿತ್ತು.
ಬೂದಿಬಣ್ಣದವಳಿಗೆ ಕಣ್ಣು ಮಂಜು, ಗಂಟು ದಪ್ಪ.
ಈ ಕೆಂಪು ಮಾತ್ರ...
ಹೆಬ್ಬೆರಳಿಂದ ಸವರಿದ.
ಅಷ್ಟು ಸಣ್ಣ ಕಣ್ಣು ಬಿಟ್ಟು ನೇಯಲು
ನನಗೂ ಬರಲಿಲ್ಲ ಇಷ್ಟು ವರ್ಷದಲ್ಲಿ.

ಬಿದಿರು ಸೂಜಿ ಬಲೆಯಲ್ಲೇ ತೂಗುತ್ತಿತ್ತು.
ದೋಣಿಗಳು ದಡಕ್ಕೇರುವ ಮೇ ತಿಂಗಳು,
ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ತೆಗಿ ಅಪ್ಪ, ಸೆಖೆ.
ತುರಿಸ್ತದೆ ಮಾರಾಯ್ತಿ, ಎಂದ.
ತೆಗೆಯಲಿಲ್ಲ.