ಬೆನ್ನಿನ ರೀಡಿಂಗು

ಮೀಟರು ಓದುವ ಕೆಲಸ ನನ್ನದು.
ಮಾಜಾಳಿಯಿಂದ ಅಮದಳ್ಳಿಯವರೆಗೆ
ದಿನಕ್ಕೆ ನೂರಿಪ್ಪತ್ತು ಮನೆ, ಹೆಚ್ಚುಕಮ್ಮಿ ಅಷ್ಟೇ ನಾಯಿ,
ಸೊಂಟದಲ್ಲಿ ಬಿಲ್ಲು ಹರಿಯುವ ಯಂತ್ರ,
ಅಣ್ಣ ದೋಣಿಗೆ ಎಂಜಿನು ಕೊಳ್ಳುವಾಗ
ನನಗೆ ಮಾರಿದ ನೂರೈವತ್ತರ ಬೈಕು.

ಆಷಾಢ ಹಿಡಿಯಿತೆಂದರೆ
ಹಿಂದಿನ ಚಕ್ರ ನನ್ನ ಬೆನ್ನಿಗೆ ಬರೆಯತೊಡಗುತ್ತದೆ.
ಸೊಂಟದಿಂದ ಜಡೆಯ ಬುಡದವರೆಗೆ ಒಂದೇ ಗೆರೆ.
ರೇನ್‌ಕೋಟಿನ ಮೇಲಾದರೆ ಒರೆಸಬಹುದು,
ಚೂರು ಬಿಸಿಲು ಬಿಟ್ಟರೆ ಸಾಕು
ಕೋಟು ಕಳಚಿ ಟ್ಯಾಂಕಿಗೆ ಹೊದಿಸುವ ಚಟ ನನ್ನದು.

ನನಗದು ಕಾಣುವುದಿಲ್ಲ.
ಕಂಡವರು ಓದುತ್ತಾರೆ.
ಅಸ್ನೋಟಿಯ ಗುಲಾಬ ಆಯಿಗಂತೂ ಕನ್ನಡಕವೂ ಬೇಡ:
“ಕೆಂಪು, ದಪ್ಪ. ಕದ್ರಾ ರಸ್ತೆ.
ಮೇಲೆ ಬೂದಿ ಬಣ್ಣ. ಬಿಣಗಾದಲ್ಲಿ ಕೆಲಸ ಮುಗಿದಿಲ್ಲ ಇನ್ನೂ.
ಇದೆಂಥದ್ದೇ, ಎಳ್ಳು ಚೆಲ್ಲಿದ ಹಾಗೆ ಕರಿಮರಳು?
ತಿಳಮಾತಿಗೆ ಯಾಕೆ ಹೋಗಿದ್ದಿ, ಅಲ್ಲಿ ಮೀಟರಿಲ್ಲವಲ್ಲ?”

ಮೀಟರಿಲ್ಲ, ನಿಜ.
ಮುನ್ನೂರ ಹನ್ನೆರಡು ಯೂನಿಟ್ ಆಯಿ, ಅಂದೆ,
ಫ್ರಿಜ್ಜು ಹೊಸದೇ?

ಆ ಸಂಜೆಯೇ ಕೋಡಿಬಾಗ, ಇನಾಸನ ಗ್ಯಾರೇಜು.
“ಚಕ್ರಕ್ಕೆ ಅಪ್ಪಿಕೊಂಡ ಹಾಗೆ ಕೂರುವ ಹೊದಿಕೆಯಂತಲ್ಲ,
ಹಗ್ಗರು. ಹಾಕಿಸಿದರೆ ಉಪಯೋಗ ಉಂಟೇ?”
ಇನಾಸ ಸ್ಪ್ಯಾನರಿನಿಂದ ಕಿವಿಯ ಹಿಂದೆ ತುರಿಸಿಕೊಂಡ.
“ಯಾರಿಗೆ ಉಪಯೋಗ, ಅದನ್ನು ಮೊದಲು ಹೇಳು.
ಬೆನ್ನಿಗಾದರೆ ಸಾವಿರದ ಆರುನೂರೈವತ್ತು ದಂಡ.
ಬೆನ್ನಿಗೆ ಬೇಕಾದ್ದು ಉದ್ದನೆಯ ಮಡ್‌ಗಾರ್ಡು,
ನಿನ್ನಣ್ಣ ಚಂದಕ್ಕೆಂದು ಕೊಯ್ದು ಎಸೆದನಲ್ಲ, ಅದು.
ಬಾ ಇಲ್ಲಿ ಮಾರಾಯ್ತಿ, ಬಗ್ಗು.”

ಬಗ್ಗಿದೆ. ಟಾರ್ಚು ಹಿಡಿದ.
ಸೀಟಿನಡಿಯ ಕತ್ತಲಲ್ಲಿ ಒಂಟಿ ಶಾಕು,
ಸ್ಪ್ರಿಂಗಿನ ಸುತ್ತುಸುತ್ತಿನಲ್ಲೂ ಮೂರು ಮಳೆಗಾಲದ ಮಣ್ಣು,
ಹೊಳೆಯಬೇಕಾದ ಕೋಲಿನ ಮೇಲೆ ಉಪ್ಪು ತಿಂದ ಕಲೆ.
ಬೆರಳಲ್ಲಿ ಸವರಿ ನನ್ನ ಅಂಗೈಗೆ ಒರೆಸಿದ:
ಮರಳು, ಗ್ರೀಸು, ಮೀನಿನ ಲಾರಿ ಸುರಿಸಿಹೋದ ನೀರಿನ ನಾತ.
“ಬೆನ್ನನ್ನು ಮನೆಗೆ ಹೋಗಿ ತೊಳೆಯುತ್ತೀ.
ಇದನ್ನು ಯಾರು ತೊಳೆಯುತ್ತಾರೆ?”

ಊರವರ ಮನೆಯ ಕತ್ತಲ ಮೂಲೆಗೆ
ಬಗ್ಗಿ ಬಗ್ಗಿ ಅಂಕಿ ಹೆಕ್ಕುವವಳು
ನನ್ನದೇ ಸೀಟಿನ ಕೆಳಗೆ ಬಗ್ಗಿದ್ದಿಲ್ಲ.

ಹಾಕಿಸಿದೆ. ನಾಲ್ಕು ಬೋಲ್ಟು, ಒಂದು ಕರಿಯ ಪ್ಲಾಸ್ಟಿಕ್,
ಚೌಕಾಸಿಗೆ ಸಾವಿರದ ನಾನೂರು.
ಅಣ್ಣ ಫೋನಿನಲ್ಲಿ ನಕ್ಕ:
“ಚಕ್ರಕ್ಕೂ ಚಡ್ಡಿಯೇ?”

ತೋಡೂರಿನ ಜೇಡಿ ಸಂದಿಗೆ ಮೆತ್ತಿಕೊಂಡು
ಚಕ್ರ ಉರುಳದೆ ಎರಡು ಸಲ ಕಡ್ಡಿಯಲ್ಲಿ ಕೆರೆದಿದ್ದೇನೆ.
ಜಲ್ಲಿಯೊಂದು ಸಿಕ್ಕಿಕೊಂಡು
ಕಾಳಿ ಸೇತುವೆಯುದ್ದಕ್ಕೂ ಗಿರಗಿಟ್ಟೆ ಆಡಿತು,
ತುದಿಯಲ್ಲಿ ನಿಂತ ಪೊಲೀಸ ಬಾಯಿಗೆ ಕೈ ಅಡ್ಡ ಹಿಡಿದಿದ್ದ.
ಒಂದು ಬೋಲ್ಟು ಶಿರವಾಡದ ಹತ್ತಿರ ಎಲ್ಲೋ ಬಿತ್ತು,
ಈಗ ಅಲ್ಲಿ ತಂತಿ.
ಆದರೆ ಹೊಂಡಕ್ಕೆ ಇಳಿದಾಗಿನ ಆ ನರಳಿಕೆ
ನಿಂತಿದೆ. ಅದು ನರಳಿಕೆಯೆಂದು ಗೊತ್ತಾದದ್ದೂ
ನಿಂತ ಮೇಲೆಯೇ.
ಬೆನ್ನಿನ ಗೆರೆಯೋ, ತೆಳ್ಳಗಾಗಿದೆ. ಹೋಗಿಲ್ಲ.

ಗುಲಾಬ ಆಯಿ ಈ ತಿಂಗಳು ನನ್ನನ್ನು ತಿರುಗಿಸಿ ನೋಡಿದಳು,
ಮಾಸಿದ ಬಿಲ್ಲನ್ನು ಬೆಳಕಿಗೆ ಹಿಡಿದ ಹಾಗೆ.
“ಏನೂ ಹತ್ತುವುದಿಲ್ಲವಲ್ಲೇ. ಇವತ್ತು ಎಲ್ಲಿಂದ?”

ಈಗ ಕೇಳಿಯೇ ತಿಳಿಯಬೇಕು ಅವಳು.
ಮೆಟ್ಟಿಲ ಮೇಲೆ ಕೂತೆ.
ತಿಳಮಾತಿಯಿಂದ, ಆಯಿ. ಡಬ್ಬಿ ಬಿಚ್ಚಿ ಉಣ್ಣುವುದಕ್ಕೆ ಹೋಗುತ್ತೇನೆ.
ಅರ್ಧ ಗಂಟೆ. ಯಾರೂ ಇರುವುದಿಲ್ಲ.

ಅವಳು ಒಳಗೆ ಹೋಗಿ
ಸುಟ್ಟ ಒಣ ಬಂಗಡೆಯೊಂದನ್ನು ಬಾಳೆಲೆಯಲ್ಲಿ ಸುತ್ತಿ ತಂದಳು.
“ನಾಳೆಯ ಡಬ್ಬಿಗೆ,” ಅಂದಳು,
ಮೀಟರಿನ ಪೆಟ್ಟಿಗೆಯ ಬಾಗಿಲು
ತಾನೇ ತೆಗೆದು ಹಿಡಿದು.