ಮೂರು ಗುಂಡಿಯ ಆಟ

ಕರಾಚಿಯ ಲಿಯಾರಿಯಲ್ಲಿ ನನ್ನದೊಂದು ಅಂಗಡಿ,
ಏಳು ಯಂತ್ರ, ಒಂದು ಫ್ಯಾನು, ಟೋಕನ್ನಿನ ಡಬ್ಬಿ.
ಹುಡುಗರಿನ್ನೂ ಶಾಲೆ ಬಿಡದ ಹೊತ್ತಲ್ಲಿ
ಬಾಗಿಲ ಗೋಣಿಪಟ್ಟೆ ಸರಿಸಿ ಶಹದಾದ್ ಉಸ್ತಾದರು ಕೇಳಿದರು:
"ಹಮ್ಮಲ್, ಹೊಸಬರಿಗೆ ಹೊಡೆದಾಟದ ಆಟ ಯಾವುದಿದೆ?"

ನಕ್ಕೆ. ನಗಬಾರದಿತ್ತು.
ಹನ್ನೊಂದು ವರ್ಷ ಗ್ಲೌಸು ತೊಟ್ಟ ಕೈ ಅದು,
ಎಡಗೈಯ ಗೆಣ್ಣು ಎರಡು ಸಲ ಮುರಿದು
ಶುಂಠಿಯ ಗಡ್ಡೆಯ ಹಾಗೆ ಕೂಡಿಕೊಂಡದ್ದು.
ಮೂಗು ಒಂದು ಕಡೆ, ನೋಟ ಒಂದು ಕಡೆ.
"ಯಾರಿಗೆ, ನಿಮಗೆ?"
"ಮತ್ತೆ? ನಿನ್ನ ಪೆಟ್ಟಿಗೆಯೊಳಗೆ ನಾನು ಇವತ್ತು ಹುಟ್ಟಿದವ."

ಸರಿ, ಹೇಳಲೇಬೇಕು, ನನ್ನ ಕಸುಬು.
ಆ ಮೂಲೆಯದು ಬೇಡ ಉಸ್ತಾದ್,
ಕೋಲನ್ನು ಕೆಳಗೆ, ಓರೆಗೆ, ಮುಂದಕ್ಕೆ
ಗಾರೆ ಸವರಿದ ಹಾಗೆ ಸುತ್ತಿಸಬೇಕು,
ಆಮೇಲೆ ಗುದ್ದು. ರೆಪ್ಪೆಯಷ್ಟು ತಡವಾದರೆ
ಬೆಂಕಿಯುಗುಳಬೇಕಾದವ ಸುಮ್ಮನೆ ಕೆಮ್ಮುತ್ತಾನೆ.
ಪಕ್ಕದ್ದು ನೋಡಲು ಚೆಂದ, ನಲವತ್ತೆಂಟು ಜನ,
ಒಬ್ಬೊಬ್ಬರಿಗೆ ನೂರು ಪಟ್ಟು,
ಆರಿಸುವಷ್ಟರಲ್ಲೇ ಸಂಜೆಯಾಗುತ್ತದೆ.
ಕತ್ತಿಯದೂ ಬೇಡ.
ಅಲ್ಲಿ ಯಾವ ಗುಂಡಿ ಕುಟ್ಟಿದರೂ ಏನೋ ಒಂದು ಆಗುತ್ತದೆ,
ಮಕ್ಕಳು ಗೆಲ್ಲುತ್ತಾರೆ, ಹೇಗೆಂದು ಕೇಳಿದರೆ ಬಾಯಿ ಬಿಡುತ್ತಾರೆ.
ಸೋತದ್ದು ಯಾಕೆ ಅಂತ ಮುಖಕ್ಕೇ ಹೇಳಬೇಕು,
ಅಂಥದ್ದು ಹೊಸಬನ ಆಟ.

ಇಗೋ, ಬಾಗಿಲ ಹತ್ತಿರದ್ದು. ಹಳೆಯದು,
ಪರದೆಯ ಒಂದು ಅಂಚು ಪಾಚಿಗಟ್ಟಿದೆ.
ಆರೇ ಜನ, ಮೂರೇ ಗುಂಡಿ:
ಸಣ್ಣ ಪೆಟ್ಟು, ದೊಡ್ಡ ಪೆಟ್ಟು, ಹಿಡಿತ.
ಕೋಲನ್ನು ಹಿಂದಕ್ಕೆಳೆದು ಹಿಡಿದರೆ ತಡೆ.

"ಹಿಂದಕ್ಕೆ ಹೋದರೆ ತಡೆಯೆ?"
ಅದೊಂದನ್ನು ಅವರು ನಂಬಲಿಲ್ಲ.
"ನಮ್ಮಲ್ಲಿ ಹಿಂದಕ್ಕೆ ಹೋದರೆ ಬೆನ್ನಿಗೆ ಹಗ್ಗ."

ಆರರಲ್ಲಿ ಆರಿಸಿದ್ದು ಯಾರನ್ನು ಅಂತೀರಿ?
ತೋಳದ ಮುಖದವನನ್ನು, ಸ್ನಾಯುಗಳ ಗುಡ್ಡೆಯನ್ನು ದಾಟಿ
ಮೀನುಬುಟ್ಟಿ ಹೊತ್ತ ದಪ್ಪ ಹೆಂಗಸನ್ನು.
"ಇವಳ ಕಾಲು ನೋಡು, ನೆಲ ಕಚ್ಚಿ ನಿಂತಿದ್ದಾಳೆ."

ಗಂಟೆ ಬಾರಿಸಿತು ಯಂತ್ರ.
ತಕ್ಷಣ ಅವರ ಗದ್ದ ತಾನೇ ಎದೆಗಿಳಿಯಿತು.
ಶಾಲೆ ಬಿಟ್ಟು ಬಂದ ಮಾಹ್‌ಗಂಜ್, ಒಂಬತ್ತು ವರ್ಷ,
ಬೆನ್ನ ಚೀಲ ಇಳಿಸದೆಯೇ ಎದುರು ನಿಂತು
ಹಿಟ್ಟು ನಾದಿದ ಹಾಗೆ ನಾದಿದಳು.
ಒಂದು ಸೋಲು. ಎರಡು. ಐದು.
ಆರನೆಯದರಲ್ಲಿ ಉಸ್ತಾದರು ಹೊಡೆಯುವುದನ್ನೇ ಬಿಟ್ಟರು.
ಕೋಲು ಹಿಂದಕ್ಕೆ ಹಿಡಿದು ನೋಡುತ್ತ ಕೂತರು
ಒದೆಗೆ ಮುಂಚೆ ಅಲುಗುವ ಭುಜ,
ಒದ್ದ ಮೇಲೆ ಒಂಟಿಕಾಲಲ್ಲಿ ಉಳಿಯುವ ಗಳಿಗೆ.
ಅಲ್ಲಿಗೆ ಸರಿಯಾಗಿ ಒಂದು ಸಣ್ಣ ಪೆಟ್ಟು.
ಮತ್ತೆ ತಡೆ. ಮತ್ತೆ ಒಂದು.
"ಮೋಸ!" ಎಂದಳು ಮಾಹ್‌ಗಂಜ್.
ಇಂಥ ಹೊಗಳಿಕೆ ಕೇಳಿ ಎಷ್ಟು ಕಾಲವಾಗಿತ್ತೋ,
ಹಲ್ಲಿಲ್ಲದ ಕಡೆಯೂ ನಕ್ಕರು.

ಆಮೇಲೆ ಬೆರಳೆತ್ತಿ ಮೇಲಿನ ಹಳದಿ ಪಟ್ಟಿ ತೋರಿಸಿದರು.
"ಇದೇನು?"
ಉಸಿರು, ಉಸ್ತಾದ್. ಪೆಟ್ಟು ಬಿದ್ದಷ್ಟೂ ಕುಗ್ಗುತ್ತದೆ.
ಎಷ್ಟು ಉಳಿದಿದೆ ಅಂತ ಇಬ್ಬರಿಗೂ ಕಾಣುತ್ತದೆ.
ಬಹಳ ಹೊತ್ತು ನೋಡಿದರು.
"ನಮಗೆ ಯಾರೂ ತೋರಿಸಲಿಲ್ಲ," ಅಂದರು.

ಕರೆಂಟು ಹೋಯಿತು.
ಏಳೂ ಪರದೆ ಒಟ್ಟಿಗೆ ಕಪ್ಪು,
ಫ್ಯಾನು ನಾಲ್ಕು ಸುತ್ತು ನರಳಿ ನಿಂತಿತು.
ಮಬ್ಬಿನಲ್ಲಿ ಮಾಹ್‌ಗಂಜ್ ಒಂದು, ಎರಡು ಎಂದು ಎಣಿಸತೊಡಗಿದಳು;
ಐದಕ್ಕೆ ನಾನು ಏಳಹೋದೆ, ಮೇಣದಬತ್ತಿಗೆ.
"ಕೂರೋ," ಅಂದರು, "ಎಂಟರವರೆಗೆ ಕೂತಿರಬೇಕು.
ಆ ಮೂರು ಎಣಿಕೆ ಬಿಟ್ಟಿ ಸಿಕ್ಕಿದ ಉಸಿರು."

ಎಂಟಾಯಿತು. ಕರೆಂಟು ಬರಲಿಲ್ಲ.
ಎದ್ದು ಹೋದರು. ಉಳಿದೆರಡು ಟೋಕನ್ ಮರಳಿಸಲಿಲ್ಲ,
ನಾನೂ ಕೇಳಲಿಲ್ಲ.
ಜುಬ್ಬದ ಜೇಬಲ್ಲಿ ಅವು ಒಂದನ್ನೊಂದು ಗುದ್ದುವುದು
ಹಲ್ವಾ ಅಂಗಡಿಯ ತಿರುವಿನವರೆಗೆ ಕೇಳಿಸುತ್ತಿತ್ತು.