ಅಕ್ಕಿಮೂಟೆಗೆ ಸೀಟ್‌ಬೆಲ್ಟ್

ಶುಕ್ರವಾರ ರಾತ್ರಿ ಎಲ್ಲ ಬೋಲ್ಟಿಗೂ ಎಣ್ಣೆ ಕುಡಿಸಿ ಮಲಗಿದ್ದೆ.
ಬೆಳಿಗ್ಗೆ ನೋಡಿದರೆ ಒಂದಕ್ಕೂ ದಾಕ್ಷಿಣ್ಯವಿಲ್ಲ.
ನಾರ್ಲೇನಿನ ನಮ್ಮ ಬೀದಿಯಲ್ಲಿ ಎಂಟಕ್ಕೇ
ಯಾರೋ ಹುಲ್ಲು ಕತ್ತರಿಸುತ್ತಿದ್ದಾರೆ,
ಆಚೆ ಎಣ್ಣೆ ಕಾರ್ಖಾನೆಯ ಕೊಳವೆ
ಹಗಲಲ್ಲೂ ನಾಲಿಗೆಯಷ್ಟು ಬೆಂಕಿ ಚಾಚಿದೆ.
ಕಾರು ಕಬ್ಬಿಣದ ಕಾಲ್ಮಣೆಗಳ ಮೇಲೆ
ಚಕ್ರ ಕಳಚಿ ಕೂತಿದೆ,
ಕ್ಷೌರಕ್ಕೆ ಕೂರಿಸಿದ ಹುಡುಗನ ಹಾಗೆ.

ಬೇಲಿಯಾಚೆಯ ಜ್ವೊಂಕೊ
ಮೂವತ್ತೊಂದು ವರ್ಷ ತಗಡು ಒತ್ತಿ ಬಾಗಿಲು ಮಾಡಿದವನು.
"ಫೋರ್ಡ್ ಕೊಟ್ಟ ಸ್ಪ್ರಿಂಗಿಗೆ ಏನಾಗಿದೆ?"
"ಫ್ರೀವೇ ತಿರುವಿನಲ್ಲಿ ತೆಪ್ಪದ ಹಾಗೆ ಓಲಾಡುತ್ತೆ."
"ಐವತ್ತೆರಡಕ್ಕೆ ಕಾರು ತಗ್ಗಿಸುತ್ತಾಳಂತೆ" ಅಂತ
ಬೇಲಿಗೆ ಹೇಳಿಕೊಂಡು ಒಳಹೋದ.
ಬರುವಾಗ ಕೈಯಲ್ಲಿ ಆಳುದ್ದದ ಪೈಪು.
ಸ್ಪ್ಯಾನರಿಗೆ ಪೈಪು, ಪೈಪಿಗೆ ಇಬ್ಬರ ಮೈ.
ಟಕ್ಕೆಂದಿತು.
ಬೋಲ್ಟೋ ನನ್ನ ಭುಜವೋ
ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ.

ಹಳೆಯ ಸ್ಪ್ರಿಂಗುಗಳನ್ನು ಎಳೆದು ತೆಗೆದು
ಕಾಂಕ್ರೀಟಿನ ಮೇಲೆ ಜೋಡಿಯಾಗಿ ನಿಲ್ಲಿಸಿದೆ.
ಹೊರೆ ಇಳಿದ ಮೇಲೂ ಒಂದು ಇನ್ನೊಂದಕ್ಕಿಂತ
ಹೆಬ್ಬೆರಳಿನಗಲ ಮೋಟು. ಮೋಟಾದದ್ದು ಎಡಗಡೆಯದು.
ಹದಿನೆಂಟು ವರ್ಷ ಎಡಗಡೆ ಕೂತವಳು ನಾನು;
ಸ್ಟೀರಿಂಗ್ ಹಿಡಿದಿದ್ದ ತೊಂಬತ್ತು ಕಿಲೋ
ಈಗ ಪರ್ತ್‌ನಲ್ಲಿದೆ.
ಕಣ್ಣಿನ ದೋಷವಿರಬೇಕೆಂದು
ಅದಲುಬದಲು ಮಾಡಿ ನಿಲ್ಲಿಸಿದೆ. ಕಣ್ಣು ಸರಿಯಾಗೇ ಇತ್ತು.

ಜ್ವೊಂಕೊ ಕೂತಲ್ಲಿಂದಲೇ ಬೀದಿ ತೋರಿಸಿದ:
"ಮಳೆನೀರು ಹರಿಯಲಿ ಅಂತ ರಸ್ತೆಯನ್ನೇ ಓರೆ ಮಾಡಿರುತ್ತಾರೆ.
ಚರಂಡಿ ಬದಿಯ ಕಾಲಿಗೆ ದಿನವೂ ಚೂರು ಹೆಚ್ಚು.
ಕೂತವರದ್ದೇನೂ ಇಲ್ಲ."
ನಾನು ಕೇಳಿರಲಿಲ್ಲ.

ಹೊಸತು ನೀಲಿ. ಮೈತುಂಬ ತಿರುಪಿನ ಗೆರೆ,
ಸೊಂಟಕ್ಕೆ ಎರಡು ಬಳೆ:
ಒಂದು ಸ್ಪ್ರಿಂಗನ್ನು ಹೊರುತ್ತದೆ,
ಇನ್ನೊಂದು ಹೊತ್ತದ್ದು ಜಾರದಂತೆ ಕಾಯುತ್ತದೆ.
ಕೊಕ್ಕೆ ಸ್ಪ್ಯಾನರಿನಲ್ಲಿ ತಿರುಗಿಸುತ್ತ ಎಣಿಸಿದೆ,
ಬಲಕ್ಕೆ ಇಪ್ಪತ್ತೆರಡು ಸುತ್ತು, ಎಡಕ್ಕೂ ಇಪ್ಪತ್ತೆರಡು.
ಹದಿನೇಳರಲ್ಲಿ ಫೋನು ಬಡಿದುಕೊಂಡು
ಮತ್ತೆ ಒಂದರಿಂದ.

"ಗಾಳಿಯಲ್ಲಿ ನೇತಾಡುವಾಗ ಕೊನೆಯ ಬಿಗಿ ಬೇಡ" ಅಂದ.
"ಭಾರ ಬಿದ್ದ ಮೇಲೆ ಬಿಗಿ ಮಾಡು.
ಇಲ್ಲದಿದ್ದರೆ ಒಳಗಿನ ರಬ್ಬರು
ಬದುಕಿಡೀ ತಿರುಚಿಕೊಂಡೇ ಇರುತ್ತೆ."

ಭಾರ ಅಂದರೆ ನನ್ನದೇ. ಆದರೆ ನಾನು ಕಾರಿನಡಿ ಇದ್ದೇನೆ.
ಅವನು ಕೂತರೆ ಲೆಕ್ಕ ಕೆಡುತ್ತದೆ, ನೂರ ಹತ್ತು.
ಮೂರು ಮನೆಗೆ ಸೇರಿಸಿ ತಂದಿಟ್ಟಿದ್ದ
ಸೋನಾಮಸೂರಿ ಮೂಟೆಗಳನ್ನು ಹೊತ್ತು ತಂದೆ,
ಇಪ್ಪತ್ತು, ಇಪ್ಪತ್ತು, ಇಪ್ಪತ್ತು.
ಮೇಲೆ ಎರಡು ಕಿಲೋ ರಾಗಿಹಿಟ್ಟು, ಒಂದಚ್ಚು ಬೆಲ್ಲ.
ಅರವತ್ತಮೂರು. ಚೊಕ್ಕ ನಾನೇ.
ಜಾರದಿರಲಿ ಅಂತ ಬೆಲ್ಟು ಹಾಕಿದೆ.

"ಪಕ್ಕದ ಸೀಟಿಗೆ ಎಷ್ಟು?"
ಟೇಪು ಹಿಡಿದು ಚಕ್ರದ ಕಮಾನು ಅಳೆಯುತ್ತಿದ್ದೆ.
"ಏನೂ ಬೇಡ."
ಅವನು ಬಗ್ಗಿ, ಅಲ್ಲಿ ಬಿಟ್ಟಿದ್ದ ತನ್ನ ಟೋಪಿಯನ್ನೂ
ತೆಗೆದುಕೊಂಡ.

ಬಲಕ್ಕೆ ಇನ್ನೂ ನಾಲ್ಕು ಸುತ್ತು, ಎರಡು ಕಮಾನೂ ಒಂದೇ ಎತ್ತರ.
ಬಳೆ ಬಿಗಿದೆ. ಬೋಲ್ಟು ಬಿಗಿದೆ.
ಕಾರು ತಗ್ಗಿದ್ದು ಎರಡೇ ಬೆರಳು;
ಇನ್ನೂ ಇಳಿಸಿದರೆ ತಪಾಸಣೆಯವನು
ಕಾಗದ ಕೊಡುವುದಿಲ್ಲ.

ಒಬ್ಬಳೇ ವೃತ್ತದವರೆಗೆ ಹೋಗಿ ಬಂದೆ.
ಹಳೆಯವು ನುಂಗಿಕೊಳ್ಳುತ್ತಿದ್ದ ಒಂದೊಂದು ಹರಳೂ
ಈಗ ಬೆನ್ನಿಗೆ ಬಂದು ವರದಿ ಒಪ್ಪಿಸುತ್ತದೆ.
ಅಂಚೆಪೆಟ್ಟಿಗೆಯ ಮುಂದಿನ ಗುಂಡಿ, ಮ್ಯಾನ್‌ಹೋಲಿನ ಮುಚ್ಚಳ,
ಇಷ್ಟು ವರ್ಷ ಇಲ್ಲೇ ಇದ್ದವಂತೆ.
ತಿರುವಿನಲ್ಲಿ ಮಾತ್ರ ಕಾರು ಓಲಲಿಲ್ಲ.
ನಾನೇ ಅಭ್ಯಾಸಬಲದಿಂದ ಓಲಿದೆ.

ರಾತ್ರಿ ಒಂದು ಮೂಟೆಯ ಹೊಲಿಗೆ ಬಿಚ್ಚಿ
ಬೇಲಿಯಾಚೆಗೂ ಸೇರಿಸಿ ಎರಡು ಪಾವು ಅಳೆದೆ.
ಕಾರಿನ ಲೆಕ್ಕದಲ್ಲಿ
ಅಷ್ಟು ಹಗುರಾದೆ.